ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಟ್ಯಾಪ್ ಸಾಧನದ ಎರರ್ ಸಂದೇಶವೊಂದು ದಾರಿ ತಪ್ಪಿಸುವ ಬಗೆ

ಒಂದು ಲಿನಕ್ಸ್ ಹೋಸ್ಟ್. ಅದರ ಮೇಲೆ ಕ್ಯೂಎಮು-ಕೆವಿಎಂ ಎಂಬ ತಂತ್ರಾಂಶದಲ್ಲಿ ಓಡುವ ಒಂದು ವರ್ಚುವಲ್ ಯಂತ್ರ (ಅತಿಥಿ), 4 ವಿಸಿಪಿಯು, ಅಂದರೆ ನಾಲ್ಕು ವರ್ಚುವಲ್ ಪ್ರೊಸೆಸರ್. ಅದಕ್ಕೆ ಕೊಟ್ಟಿರುವುದು ವರ್ಟ್‌ಐಒ ಎಂಬ ಬಗೆಯ ವರ್ಚುವಲ್ ನೆಟ್‌ವರ್ಕ್ ಕಾರ್ಡು. ಆ ಕಾರ್ಡಿನ ಹೋಸ್ಟ್ ಕಡೆಯ ತುದಿ ಟ್ಯಾಪ್0 ಎಂಬ ಸಾಧನ (ಟ್ಯಾಪ್ ಎಂದರೆ ಕರ್ನಲ್ ಒಳಗಿನ, ತಂತ್ರಾಂಶದಿಂದಲೇ ಆದ ನೆಟ್‌ವರ್ಕ್ ಕಾರ್ಡು), ಟ್ಯಾಪ್0 ಸೇರಿರುವುದು ಬಿಆರ್0 ಎಂಬ ಬ್ರಿಡ್ಜ್‌ಗೆ, ಅಂದರೆ ತಂತ್ರಾಂಶದ ನೆಟ್‌ವರ್ಕ್ ಸ್ವಿಚ್‌ಗೆ. ಹೋಸ್ಟ್ ಬೂಟ್ ಆಗುವಾಗ ಅದರ ನೆಟ್‌ವರ್ಕ್ ಸಜ್ಜುಗೊಳಿಸುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ಸೇವೆ ಈ ಟ್ಯಾಪ್ ಅನ್ನು ಮಾಡಿಟ್ಟು, ಬಳಕೆದಾರ ಐಡಿ 1000ಕ್ಕೆ ಅದರ ಒಡೆತನ ಕೊಡುತ್ತದೆ. ಅದೇ ಬಳಕೆದಾರನ ಹೆಸರಿನಲ್ಲಿ, ರೂಟ್ ಅಧಿಕಾರವಿಲ್ಲದೆ, ಕ್ಯೂಎಮು ಓಡುತ್ತದೆ. ತಿಂಗಳುಗಟ್ಟಲೆ ತಕರಾರಿಲ್ಲದೆ ನಡೆಯುವ ವ್ಯವಸ್ಥೆ ಇದು.

ಒಂದು ದಿನ ನೆಟ್‌ವರ್ಕ್ ವೇಗ ಸಾಲದೆಂದು ನಿರ್ವಾಹಕ ಕ್ಯೂಎಮು ಆದೇಶಸಾಲಿಗೆ ಎರಡು ಸಣ್ಣ ಸೇರ್ಪಡೆ ಮಾಡುತ್ತಾನೆ. ನೆಟ್‌ಡೆವ್ ಭಾಗದಲ್ಲಿ (ಹೋಸ್ಟ್ ಕಡೆಯ ತುದಿ) ಕ್ಯೂಗಳ, ಅಂದರೆ ಪ್ಯಾಕೆಟ್ ಸಾಲುಗಳ, ಸಂಖ್ಯೆ 4, ಸಾಧನದ ಭಾಗದಲ್ಲಿ (ಅತಿಥಿಗೆ ಕಾಣುವ ಕಾರ್ಡು) ಎಂಕ್ಯೂ (ಬಹುಕ್ಯೂ) ಆನ್ ಮತ್ತು ವೆಕ್ಟರ್, ಅಂದರೆ ಇಂಟರಪ್ಟ್ ದಾರಿಗಳು, 10. ಲೆಕ್ಕ ಸರಿಯಾಗಿದೆ: ಪ್ರತಿ ಕ್ಯೂ ಜೋಡಿಗೆ ಸ್ವೀಕಾರಕ್ಕೊಂದು, ರವಾನೆಗೊಂದು ಎಂದು 8, ಕಂಟ್ರೋಲ್ ಕ್ಯೂಗೆ 1, ಕಾನ್ಫಿಗರೇಷನ್ ಬದಲಾವಣೆಗೆ 1. ಯಂತ್ರ ಮಾತ್ರ ಏಳುವುದಿಲ್ಲ. ಕ್ಯೂಎಮು ಕೊಡುವ ಕಾರಣ ಒಂದೇ ಸಾಲು:

«ಕುಡ್ ನಾಟ್ ಕಾನ್ಫಿಗರ್ /ಡೆವ್/ನೆಟ್/ಟನ್ (ಟ್ಯಾಪ್0): ಇನ್ವ್ಯಾಲಿಡ್ ಆರ್ಗ್ಯುಮೆಂಟ್»

ಅಂದರೆ, ಟನ್ ಕಡತವನ್ನು ಸಜ್ಜುಗೊಳಿಸಲಾಗಲಿಲ್ಲ, ಆರ್ಗ್ಯುಮೆಂಟ್ ಅಮಾನ್ಯ. ಈ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೂ ಓದಿದವನನ್ನು ಅದು ಮೂರು ತಪ್ಪು ಬಾಗಿಲುಗಳ ಮುಂದೆ ನಿಲ್ಲಿಸುತ್ತದೆ. ಇದನ್ನು ಬಹುತೇಕ ಯಾವ ಲಿನಕ್ಸ್ ಯಂತ್ರದಲ್ಲಾದರೂ ಐದು ನಿಮಿಷದಲ್ಲಿ ಮರುಸೃಷ್ಟಿಸಬಹುದು. ವಿಧಾನ ಮುಂದೆ ಇದೆ.

ಮೂರು ತಪ್ಪು ಬಾಗಿಲು

ಮೊದಲನೆಯದು «ಆರ್ಗ್ಯುಮೆಂಟ್» ಎಂಬ ಪದ. ಆಗಷ್ಟೇ ಆದೇಶಸಾಲಿಗೆ ಆರ್ಗ್ಯುಮೆಂಟ್ ಸೇರಿಸಿದವನಿಗೆ ಆ ಪದ ತನ್ನ ಸೇರ್ಪಡೆಯನ್ನೇ ಬೊಟ್ಟುಮಾಡುತ್ತಿದೆ ಎನಿಸುವುದು ಸಹಜ. ವೆಕ್ಟರ್ 10 ಹೋಗಿ 9 ಆಗುತ್ತದೆ, ಆಮೇಲೆ ಅದೂ ಹೋಗುತ್ತದೆ. ಎಂಕ್ಯೂ ಆಫ್ ಆಗುತ್ತದೆ. ಸಂದೇಶ ಕದಲುವುದಿಲ್ಲ. ಕದಲುವುದಾದರೂ ಹೇಗೆ? ವೆಕ್ಟರ್ ಮತ್ತು ಎಂಕ್ಯೂ ಅತಿಥಿ ಯಂತ್ರಕ್ಕೆ ಕಾಣುವ ಕಾರ್ಡಿಗೆ ಸಂಬಂಧಿಸಿದ ಮಾತು, ಸೋತಿರುವುದು ಹೋಸ್ಟ್ ಕಡೆಯ ಟ್ಯಾಪ್. ಇಲ್ಲಿ ಆರ್ಗ್ಯುಮೆಂಟ್ ಎಂದರೆ ಕರ್ನಲ್‌ಗೆ ಹೋದ ಐಒಸಿಟಿಎಲ್ (ಸಾಧನಕ್ಕೆ ಆಜ್ಞೆ ಕೊಡುವ) ಕರೆಯ ಆರ್ಗ್ಯುಮೆಂಟ್, ಮನುಷ್ಯ ಟೈಪ್ ಮಾಡಿದ್ದಲ್ಲ. ಸಿ ಗ್ರಂಥಾಲಯದಲ್ಲಿ ಎರ್‌ನೋ, ಅಂದರೆ ಕರ್ನಲ್ ಮರಳಿಸುವ ದೋಷ ಸಂಖ್ಯೆ, 22ಕ್ಕೆ ಬರೆದಿಟ್ಟ ಸಿದ್ಧ ವಾಕ್ಯ ಅದು. ಯಾರು ಯಾವ ಸಂದರ್ಭದಲ್ಲಿ ಓದುತ್ತಾರೆಂಬುದು ಆ ವಾಕ್ಯಕ್ಕೆ ಗೊತ್ತಿಲ್ಲ.

ಎರಡನೆಯದು /ಡೆವ್/ನೆಟ್/ಟನ್ ಎಂಬ ದಾರಿ. ಸಂದೇಶದಲ್ಲಿ ಕಡತದ ಹೆಸರು ಕಂಡ ಕೂಡಲೇ ಕೈ ಹೋಗುವುದು ಕಡತದ ಅನುಮತಿ ಬದಲಿಸುವ ಸಿಎಚ್‌ಮೋಡ್ ಕಡೆಗೆ. ನೋಡಿದರೆ ಆ ಕಡತ ಬಹುತೇಕ ಎಲ್ಲ ಡಿಸ್ಟ್ರಿಬ್ಯೂಷನ್‌ಗಳಲ್ಲೂ ಮೊದಲೇ 0666, ಯಾರು ಬೇಕಾದರೂ ತೆರೆಯಬಹುದು. ಅದು ಮೇಜರ್ 10, ಮೈನರ್ 200ರ ಅಕ್ಷರ ಸಾಧನ, ಟ್ಯಾಪ್‌ಗಳ ಲೋಕಕ್ಕೆ ಹೆಬ್ಬಾಗಿಲು ಇದ್ದ ಹಾಗೆ. ಒಳಗೆ ಯಾವ ಟ್ಯಾಪ್‌ಗೆ ಯಾರು ಕೂಡಬಹುದು ಎಂಬ ನಿರ್ಧಾರ ಬೇರೆ ಕಡೆ ಆಗುತ್ತದೆ. ಜ್ವರ ಬಂದಿರುವುದು ಟ್ಯಾಪ್0 ಎಂಬ ಎತ್ತಿಗೆ, ಬರೆ ಬೀಳುವುದು ಟನ್ ಎಂಬ ಎಮ್ಮೆಗೆ.

ಮೂರನೆಯದು ಸುಡೋ, ಅಂದರೆ ರೂಟ್ ಆಗಿ ಓಡಿಸುವ ಆದೇಶ. ಈ ಹಂತದಲ್ಲಿ ಅದೂ ಫಲಿಸುವುದಿಲ್ಲ, ರೂಟ್ ಆಗಿ ಓಡಿಸಿದರೂ ಅದೇ 22. ಹಾಗಾದದ್ದು ಒಂದು ರೀತಿಯಲ್ಲಿ ಒಳ್ಳೆಯದೇ. ಮುಂದಿನ ಹಂತದಲ್ಲಿ ಸುಡೋ ಕೆಲಸ ಮಾಡಿಬಿಡುತ್ತದೆ, ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದ.

ಕರ್ನಲ್ ಒಳಗೆ ನಡೆಯುವುದೇನು

ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ಓಪನ್‌ಆಟ್ (ಕಡತ ತೆರೆಯುವ ಕರೆ) ಮತ್ತು ಐಒಸಿಟಿಎಲ್ ಕರೆಗಳನ್ನಷ್ಟೇ ಸೋಸಿ ನೋಡಿದರೆ ಚಿತ್ರ ತಿಳಿಯಾಗುತ್ತದೆ. ಟನ್ ಕಡತ ತೆರೆಯುವುದು ಸಲೀಸಾಗಿ ಆಗುತ್ತದೆ. ಮುಂದಿನ ಐಒಸಿಟಿಎಲ್ ಟನ್-ಗೆಟ್-ಫೀಚರ್ಸ್, ಕರ್ನಲ್‌ಗೆ ಏನೇನು ಬರುತ್ತದೆ ಎಂದು ಕೇಳುವುದು, ಅದೂ ಸರಿ. ಮುಂದೆ ಬರುವುದು ಟನ್-ಸೆಟ್-ಐಎಫ್‌ಎಫ್: «ಈ ಹೆಸರಿನ ಸಾಧನಕ್ಕೆ, ಈ ಲಕ್ಷಣಗಳೊಂದಿಗೆ ನನ್ನನ್ನು ಕೂಡಿಸು» ಎಂಬ ಕೋರಿಕೆ. ಕ್ಯೂಎಮು ಕೈಚೆಲ್ಲುವುದು ಇದು ಸೋತಾಗ. ಕರ್ನಲ್‌ನ ಲಾಗ್ ಆದ ಡಿಎಂಇಎಸ್‌ಜಿಯಲ್ಲಿ ಇದರ ಬಗ್ಗೆ ಒಂದಕ್ಷರವೂ ಇರುವುದಿಲ್ಲ.

ಈ ಕೋರಿಕೆ ಬಂದಾಗ ಟನ್ ಡ್ರೈವರ್ ಪರೀಕ್ಷೆಗಳನ್ನು ಒಂದು ಕ್ರಮದಲ್ಲಿ ಮಾಡುತ್ತದೆ. ಪ್ರಕರಣದ ಮರ್ಮ ಇರುವುದು ಆ ಕ್ರಮದಲ್ಲಿ. ಮೊದಲಿಗೆ, ಆ ಹೆಸರಿನ ಸಾಧನ ಈ ನೆಟ್‌ವರ್ಕ್ ನೇಮ್‌ಸ್ಪೇಸ್‌ನಲ್ಲಿ (ಪ್ರತ್ಯೇಕಿಸಿಟ್ಟ ನೆಟ್‌ವರ್ಕ್ ವಲಯ) ಇದೆಯೇ ಎಂದು ನೋಡುತ್ತದೆ. ಇದ್ದರೆ, ಅದು ಟ್ಯಾಪ್ ಜಾತಿಯದೇ? ಬ್ರಿಡ್ಜ್, ಮ್ಯಾಕ್‌ವಿಟ್ಯಾಪ್ ಅಥವಾ ಟನ್ (ಐಪಿ ಪ್ಯಾಕೆಟ್ ಮಾತ್ರ ಸಾಗಿಸುವ, ಟ್ಯಾಪ್‌ನ ಸೋದರ) ಜಾತಿಯದಾದರೆ 22. ಟ್ಯಾಪೇ ಆಗಿದ್ದರೆ, ಹುಟ್ಟಿದಾಗ ಅದಕ್ಕೆ ಬಿದ್ದ ಬಹುಕ್ಯೂ ಗುರುತು ಈಗ ಕೇಳುತ್ತಿರುವ ಬಹುಕ್ಯೂ ಗುರುತಿಗೆ ತಾಳೆಯಾಗುತ್ತದೆಯೇ? ಇಲ್ಲವೆಂದರೆ ಮತ್ತೆ 22. ಒಡೆತನದ ಪರೀಕ್ಷೆ ಬರುವುದು ಇದಾದ ಮೇಲೆ: ಟ್ಯಾಪ್‌ಗೆ ಒಡೆಯನನ್ನು ನಮೂದಿಸಿದ್ದು, ಕೇಳುತ್ತಿರುವವನು ಆ ಒಡೆಯನಲ್ಲದೆ, ನೆಟ್‌ವರ್ಕ್ ನಿರ್ವಹಣೆಯ ಕ್ಯಾಪ್-ನೆಟ್-ಅಡ್ಮಿನ್ ಅಧಿಕಾರವೂ ಇಲ್ಲದಿದ್ದರೆ 1, ಅಂದರೆ «ಆಪರೇಷನ್ ನಾಟ್ ಪರ್ಮಿಟೆಡ್». ಅನಂತರ ಎಸ್‌ಇಲಿನಕ್ಸ್‌ನಂಥ ಭದ್ರತಾ ಪದರ ಬೇಡವೆಂದರೆ 13, «ಪರ್ಮಿಷನ್ ಡಿನೈಡ್». ಕೊನೆಗೆ ಕೂಡಿಸುವ ಕೆಲಸ. ಏಕಕ್ಯೂ ಟ್ಯಾಪ್‌ಗೆ ಆಗಲೇ ಯಾರೋ ಕೂಡಿದ್ದರೆ 16, «ಬ್ಯುಸಿ». ಬಹುಕ್ಯೂ ಟ್ಯಾಪ್‌ನಲ್ಲಿ 256 ಕ್ಯೂಗಳ ಮಿತಿ ತುಂಬಿದ್ದರೆ 7.

ಆ ಹೆಸರಿನ ಸಾಧನವೇ ಇಲ್ಲದಿದ್ದರೆ ದಾರಿ ಬೇರೆಯೇ. ಕರ್ನಲ್ «ಇಲ್ಲ» ಎನ್ನುವುದಿಲ್ಲ, ಹೊಸದಾಗಿ ಹುಟ್ಟಿಸಲು ಹೋಗುತ್ತದೆ. ಹುಟ್ಟಿಸಲು ಕ್ಯಾಪ್-ನೆಟ್-ಅಡ್ಮಿನ್ ಬೇಕು. ಅದು ಇಲ್ಲದಿದ್ದರೆ ಉತ್ತರ 1. ಅಂದರೆ ಹೆಸರು ತಪ್ಪಾಗಿ ಟೈಪಾದರೂ, ಒಡೆಯ ಬೇರೆಯಾದರೂ, ಕ್ಯೂಎಮು ತೋರಿಸುವುದು ಅಕ್ಷರಶಃ ಒಂದೇ ಸಂದೇಶ. ಇದೊಂದು ವಾಕ್ಯ ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತದೆ.

ನಮ್ಮ ಪ್ರಕರಣಕ್ಕೆ ಬರೋಣ. ಟ್ಯಾಪ್0 ಹುಟ್ಟಿದ್ದು ನೆಟ್‌ವರ್ಕ್‌ಡಿಯ ನೆಟ್‌ಡೆವ್ ಕಡತದಿಂದ (ಕ್ಯೂಎಮುವಿನ ನೆಟ್‌ಡೆವ್ ಭಾಗ ಬೇರೆ). ಅಲ್ಲಿ ಟ್ಯಾಪ್ ವಿಭಾಗದ ಮಲ್ಟಿಕ್ಯೂ ಸಾಲನ್ನು ಬರೆಯದಿದ್ದರೆ ಸಾಧನ ಏಕಕ್ಯೂ ಆಗಿಯೇ ಹುಟ್ಟುತ್ತದೆ. ಕ್ಯೂಎಮು ಕಡೆ ಕ್ಯೂ ಸಂಖ್ಯೆ 1ಕ್ಕಿಂತ ಹೆಚ್ಚಾದರೆ ಪ್ರತಿ ಕೋರಿಕೆಯಲ್ಲೂ ಬಹುಕ್ಯೂ ಗುರುತು ಹೋಗುತ್ತದೆ. ಎರಡು ಕಡತ, ಇಬ್ಬರು ಲೇಖಕರು, ನಡುವೆ ಮಾತಿಲ್ಲ. ಬಹುಕ್ಯೂ ಟ್ಯಾಪ್ ಲಿನಕ್ಸ್ 3.8ರಲ್ಲೂ ಅದನ್ನು ಬಳಸುವ ವರ್ಟ್‌ಐಒ ಕಾರ್ಡು ಕ್ಯೂಎಮು 1.4ರಲ್ಲೂ ಬಂದವು, ಎರಡೂ 2013ರ ಫೆಬ್ರುವರಿಯಲ್ಲಿ. ತಾಳೆಯಾಗದಿದ್ದರೆ 22 ಎಂಬ ನಿಯಮ ಈಗಲೂ ಇದೆ. ಉಲ್ಟಾ ಆದರೂ ಇದೇ ಕಥೆ: ಮುಂದೆ ಬೇಕಾದೀತೆಂದು ಬಹುಕ್ಯೂ ಟ್ಯಾಪ್ ಮಾಡಿಟ್ಟು, ಯಂತ್ರವನ್ನು ಒಂದೇ ಕ್ಯೂನಲ್ಲಿ ಓಡಿಸಿದರೆ ಮತ್ತೆ 22.

ಒಂದು ಸಾಲಿನ ಪತ್ತೆ

ಇದನ್ನು ಕಂಡುಹಿಡಿಯಲು ಎಸ್‌ಟ್ರೇಸ್ ಕೂಡ ಬೇಕಿಲ್ಲ. /ಸಿಸ್/ಕ್ಲಾಸ್/ನೆಟ್/ಟ್ಯಾಪ್0 ಒಳಗೆ ಟನ್_ಫ್ಲ್ಯಾಗ್ಸ್ ಎಂಬ ಪುಟ್ಟ ಕಡತವಿದೆ. ಅದನ್ನು ಕ್ಯಾಟ್ ಮಾಡಿದರೆ ಒಂದು ಹೆಕ್ಸ್ ಸಂಖ್ಯೆ. ಐಪಿ ಟನ್‌ಟ್ಯಾಪ್ ಆದೇಶದಿಂದ ಮಾಡಿದ, ಇನ್ನೂ ಯಾರೂ ಕೂಡದ ಸ್ಥಿರ (ಬಳಸುವ ಪ್ರೋಗ್ರಾಂ ಮುಚ್ಚಿದರೂ ಉಳಿಯುವ) ಏಕಕ್ಯೂ ಟ್ಯಾಪ್‌ನಲ್ಲಿ ಕಾಣುವುದು 1802. ಅದನ್ನು ಬಿಡಿಸಿದರೆ 1000 ಎಂದರೆ ಪ್ಯಾಕೆಟ್ ಮಾಹಿತಿ ತಲೆಪಟ್ಟಿ ಬೇಡ, 800 ಎಂದರೆ ಸ್ಥಿರ, 2 ಎಂದರೆ ಟ್ಯಾಪ್. ಬಹುಕ್ಯೂ ಗುರುತು 100, ಅದು ಸೇರಿದರೆ 1902. ಬಲಗಡೆಯಿಂದ ಮೂರನೆಯ ಅಂಕಿ 8 ಇದೆಯೋ 9 ಇದೆಯೋ ನೋಡಿದರೆ ಸಾಕು. ಪಕ್ಕದ ಓನರ್ ಕಡತದಲ್ಲಿ ಒಡೆಯನ ಐಡಿ ಇರುತ್ತದೆ, ಯಾರೂ ಇಲ್ಲದಿದ್ದರೆ -1.

ಆ -1 ಬಗ್ಗೆ ಒಂದು ಮಾತು, ಪ್ರಕರಣಕ್ಕೆ ನೇರ ಸಂಬಂಧವಿಲ್ಲದಿದ್ದರೂ. ಒಡೆಯನನ್ನು ಹೇಳದೆ ಮಾಡಿದ ಟ್ಯಾಪ್ ರೂಟ್‌ಗೆ ಮಾತ್ರ ಮೀಸಲು ಎಂದು ತಿಳಿದವರು ಬಹಳ. ಒಡೆಯನೂ ಗುಂಪೂ ಎರಡೂ ನಮೂದಾಗದಿದ್ದರೆ ಒಡೆತನದ ಪರೀಕ್ಷೆಗೆ ಹಿಡಿಯಲು ಏನೂ ಸಿಗುವುದಿಲ್ಲ, ಟನ್ ಕಡತ ತೆರೆಯಬಲ್ಲ ಯಾರಾದರೂ ಕೂಡಬಹುದು. ಹತ್ತಾರು ಜನ ಲಾಗಿನ್ ಆಗುವ ಹೋಸ್ಟ್‌ನಲ್ಲಿ ಇದು ತೆರೆದಿಟ್ಟ ಹಿತ್ತಿಲ ಬಾಗಿಲು.

ಹೊಸ ಐಪಿ ಉಪಕರಣದಲ್ಲಿ ಲಿಂಕ್ ಶೋ ಆದೇಶಕ್ಕೆ ಹೈಫನ್-ಡಿ ಸೇರಿಸಿದರೆ ಇದೇ ಮಾಹಿತಿ ಅಕ್ಷರಗಳಲ್ಲಿ ಸಿಗುತ್ತದೆ: ಜಾತಿ ಟ್ಯಾಪ್, ಬಹುಕ್ಯೂ ಇದೆಯೇ, ಎಷ್ಟು ಕ್ಯೂ ಕೂಡಿವೆ, ಸ್ಥಿರವೇ, ಒಡೆಯ ಯಾರು.

ಪರಿಹಾರ, ಮತ್ತು ಅದರಿಂದ ಹುಟ್ಟುವ ಎರಡನೆಯ ತಪ್ಪು

ಇರುವ ಟ್ಯಾಪ್‌ನ ಬಹುಕ್ಯೂ ಗುರುತನ್ನು ಬದಲಿಸಲಾಗದು. ನೆಟ್‌ಡೆವ್ ಕಡತದಲ್ಲಿ ಮಲ್ಟಿಕ್ಯೂ ಯೆಸ್ ಎಂದು ಬರೆದು ನೆಟ್‌ವರ್ಕ್‌ಡಿ ಮರುಚಾಲನೆ ಮಾಡಿದರೂ ಏನೂ ಆಗದು, ಅದೇ ಹೆಸರಿನ ಸಾಧನ ಇರುವಾಗ ಅದು ಹೊಸದನ್ನು ಮಾಡುವುದಿಲ್ಲ. ಟ್ಯಾಪ್ ಅನ್ನು ಐಪಿ ಲಿಂಕ್ ಡಿಲೀಟ್‌ನಿಂದ ಅಳಿಸಿ, ಆಮೇಲೆ ನೆಟ್‌ವರ್ಕ್‌ಡಿಯನ್ನು ಮರುಚಾಲನೆ ಮಾಡಬೇಕು. ಅಳಿಸಿದಾಗ ಬ್ರಿಡ್ಜ್ ಸದಸ್ಯತ್ವವೂ ಹೋಗುತ್ತದೆ. ಟ್ಯಾಪ್ ಅನ್ನು ಬಿಆರ್0ಕ್ಕೆ ಸೇರಿಸುವ ನೆಟ್‌ವರ್ಕ್ ಕಡತ ಇದ್ದರಷ್ಟೇ ಅದು ತಾನಾಗಿ ಮರಳುತ್ತದೆ. ಒಮ್ಮೆ ಕೈಯಲ್ಲಿ ಸೇರಿಸಿ ಮರೆತವರು ಇಲ್ಲಿ ಎಡವುತ್ತಾರೆ.

ಈಗ ಇದೇ ಪ್ರಕರಣದ ಎರಡನೆಯ ಅಂಕ. ನಿರ್ವಾಹಕ ಹಳೆಯದನ್ನು ಮುಟ್ಟುವ ಬದಲು ಟ್ಯಾಪ್-ವೆಬ್1 ಎಂಬ ಹೊಸ ಬಹುಕ್ಯೂ ಟ್ಯಾಪ್ ಮಾಡಿ, ಬ್ರಿಡ್ಜ್‌ಗೆ ಸೇರಿಸಿ, ಕ್ಯೂಎಮು ಆದೇಶಸಾಲಿನಲ್ಲಿ ಕೈತಪ್ಪಿ ಟ್ಯಾಪ್-ವೆಬ್01 ಎಂದು ಬರೆಯುತ್ತಾನೆ. ಸಂದೇಶದ ಮೊದಲ ಭಾಗ ಅದೇ, ಕೊನೆಯಲ್ಲಿ ಮಾತ್ರ «ಆಪರೇಷನ್ ನಾಟ್ ಪರ್ಮಿಟೆಡ್». ಇಷ್ಟು ಹೊತ್ತು ಆರ್ಗ್ಯುಮೆಂಟ್‌ಗಳೊಡನೆ ಗುದ್ದಾಡಿದವನಿಗೆ ಈಗ ಕಾಣುವುದು ಅನುಮತಿಯ ಸಮಸ್ಯೆ. ಹೆಸರು ಆವರಣದಲ್ಲಿ ಅಚ್ಚಾಗಿದೆ, ಆದರೆ ಒಂದು ಸೊನ್ನೆಯ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಸಂದೇಶ ಹೆಸರಿನ ಮೇಲೆ ಸಂಶಯ ಹುಟ್ಟಿಸುತ್ತಿಲ್ಲ. ಆತ ಸುಡೋ ಹಾಕುತ್ತಾನೆ. ಯಂತ್ರ ಏಳುತ್ತದೆ!

ಎದ್ದದ್ದು ಹೇಗೆಂದರೆ, ರೂಟ್‌ಗೆ ಕ್ಯಾಪ್-ನೆಟ್-ಅಡ್ಮಿನ್ ಇರುವುದರಿಂದ ಕರ್ನಲ್ ಟ್ಯಾಪ್-ವೆಬ್01 ಎಂಬ ಹೊಸ ಸಾಧನವನ್ನು ತಕ್ಷಣ ಹುಟ್ಟಿಸಿ ಕೊಟ್ಟಿದೆ. ಅದು ಯಾವ ಬ್ರಿಡ್ಜ್‌ಗೂ ಸೇರಿಲ್ಲ. ಟ್ಯಾಪ್ ತೆರೆದ ಮೇಲೆ ಅದನ್ನು ಸಜ್ಜುಗೊಳಿಸುವ ಸ್ಕ್ರಿಪ್ಟ್ ಬೇಡ ಎಂದು ಆದೇಶಸಾಲಿನಲ್ಲಿ ಹೇಳಿರುವುದರಿಂದ ಅದನ್ನು ಅಪ್ ಸ್ಥಿತಿಗೂ ಯಾರೂ ತಂದಿಲ್ಲ. ಅತಿಥಿ ಯಂತ್ರದ ಒಳಗೆ ಕಾರ್ಡು ಲಿಂಕ್ ಇದೆ ಎನ್ನುತ್ತದೆ, ಐಪಿ ವಿಳಾಸ ಕೇಳುವ ಡಿಎಚ್‌ಸಿಪಿ ಮಾತ್ರ ಕೂಗಿ ಕೂಗಿ ಸುಸ್ತಾಗುತ್ತದೆ. ಈಗ ತನಿಖೆ ಡಿಎಚ್‌ಸಿಪಿ ಸರ್ವರ್, ಫೈರ್‌ವಾಲ್, ವಿಎಲ್ಯಾನ್ ಎಂದು ಊರೆಲ್ಲ ಸುತ್ತುತ್ತದೆ. ಸೋತ ಯಂತ್ರವನ್ನು ಆಫ್ ಮಾಡಿದರೆ ಸಾಕ್ಷಿಯೂ ಇಲ್ಲ, ಕ್ಯೂಎಮು ತಾನಾಗಿ ಹುಟ್ಟಿಸಿದ ಟ್ಯಾಪ್ ಸ್ಥಿರವಲ್ಲ, ಕ್ಯೂಎಮು ಮುಚ್ಚಿದೊಡನೆ ಮಾಯ. ತಪ್ಪು ಸಂದೇಶ ಕಳೆಯುವುದು ಸಮಯವನ್ನು ಮಾತ್ರ ಎಂದುಕೊಳ್ಳುವಂತಿಲ್ಲ. ಇಲ್ಲಿ ಅದು ಜೋರಾಗಿ ಕೂಗುತ್ತಿದ್ದ ದೋಷವನ್ನು ಮೂಕ ಮಾಡಿಸಿತು, ಜೊತೆಗೆ ರೂಟ್ ಇಲ್ಲದೆ ಓಡುತ್ತಿದ್ದ ಪ್ರೋಗ್ರಾಂ ಒಂದನ್ನು ರೂಟ್ ಮಾಡಿಸಿತು.

ಯಂತ್ರ ಓಡುತ್ತಿರುವಾಗಲೇ ಹಿಡಿಯುವುದಾದರೆ, ಬಿಆರ್0ಕ್ಕೆ ಸೇರಿದವರ ಪಟ್ಟಿ ತೆಗೆದು ಕ್ಯೂಎಮು ಬಳಸುತ್ತಿರುವ ಟ್ಯಾಪ್ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ, ಹೈಫನ್-ಡಿ ಹಾಕಿ ನೋಡಿದಾಗ ಸ್ಥಿರ ಎಂಬ ಗುರುತೂ ಆಫ್ ಇದ್ದರೆ, ಅದು ಆಕಸ್ಮಿಕವಾಗಿ ಹುಟ್ಟಿದ ಕೂಸು.

ಹೆಸರಿನದೇ ಇನ್ನೊಂದು ಬಲೆಯಿದೆ. ಲಿನಕ್ಸ್‌ನಲ್ಲಿ ಇಂಟರ್‌ಫೇಸ್ ಹೆಸರಿಗೆ 16 ಬೈಟ್, ಕೊನೆಯ ಸೊನ್ನೆ ಬೈಟ್ ಕಳೆದರೆ 15 ಅಕ್ಷರ. ಐಪಿ ಉಪಕರಣ ಉದ್ದ ಹೆಸರನ್ನು ತಿರಸ್ಕರಿಸುತ್ತದೆ. ಕ್ಯೂಎಮು ಟ್ಯಾಪ್ ತೆರೆಯುವಾಗ ಸದ್ದಿಲ್ಲದೆ ಕತ್ತರಿಸಿ 15ಕ್ಕೆ ಇಳಿಸುತ್ತದೆ, ಆವರಣದಲ್ಲಿ ಅಚ್ಚಾಗುವುದೂ ಕತ್ತರಿಸಿದ ಹೆಸರೇ.

ಸಂದೇಶವನ್ನು ಸರಿಪಡಿಸುವುದು ಎಲ್ಲಿ

ಕರ್ನಲ್‌ನಲ್ಲೇ ಸರಿಮಾಡಬಾರದೇ ಎಂಬ ಪ್ರಶ್ನೆ ಮೊದಲು ಬರುತ್ತದೆ. ಐಒಸಿಟಿಎಲ್ ಕರೆ ಸೋತಾಗ ಮರಳಿಸುವುದು ಒಂದು ಸಂಖ್ಯೆ ಮಾತ್ರ, ವಾಕ್ಯ ಕಳಿಸಲು ಜಾಗವಿಲ್ಲ. ಕರ್ನಲ್ ಜೊತೆ ಮಾತಾಡುವ ಇನ್ನೊಂದು ದಾರಿಯಾದ ನೆಟ್‌ಲಿಂಕ್‌ಗೆ 2017ರಲ್ಲಿ, ಲಿನಕ್ಸ್ 4.12ರಿಂದ, ಎಕ್ಸ್‌ಟ್ಯಾಕ್ ಎಂಬ ವ್ಯವಸ್ಥೆ ಬಂದು ಕಾರಣವನ್ನು ಮಾತಿನಲ್ಲಿ ಹೇಳುವ ಅನುಕೂಲ ಆಯಿತು. ಟ್ಯಾಪ್ ಹುಟ್ಟಿಸುವ ದಾರಿ ನೆಟ್‌ಲಿಂಕ್‌ನಲ್ಲಿ ಇಲ್ಲ. ತಮಾಷೆಯೆಂದರೆ, ಹಾಗೆ ಹುಟ್ಟಿಸಲು ಹೋದರೆ «ಟನ್/ಟ್ಯಾಪ್ ಅನ್ನು ಆರ್‌ಟಿನೆಟ್‌ಲಿಂಕ್ ಮೂಲಕ ಮಾಡುವುದಕ್ಕೆ ಬೆಂಬಲವಿಲ್ಲ» ಎಂಬ ಅರ್ಥದ ಸ್ಪಷ್ಟ ಸಂದೇಶ ಸಿಗುತ್ತದೆ. ಬೇಕಾದ ಕಡೆ ಮೂಕ, ಬೇಡದ ಕಡೆ ಮಾತುಗಾರ.

ಹಾಗಾಗಿ ಕೆಲಸ ಬೀಳುವುದು ಕ್ಯೂಎಮುವಿನ ಟ್ಯಾಪ್-ಲಿನಕ್ಸ್ ಕಡತದ ಟ್ಯಾಪ್-ಓಪನ್ ಎಂಬ ಕಾರ್ಯದ ಮೇಲೆ, ಟನ್-ಸೆಟ್-ಐಎಫ್‌ಎಫ್ ಸೋತ ಕವಲಿನಲ್ಲಿ. ಅಲ್ಲಿ ಕೈಗೆ ಸಿಕ್ಕುವುದು ನಾಲ್ಕು ವಿಷಯ: ಕೇಳಿದ ಹೆಸರು, ಕೇಳಿದ ಲಕ್ಷಣಗಳು, ಎರ್‌ನೋ, ತನ್ನ ಬಳಕೆದಾರ ಐಡಿ. ಕೊರತೆ ಇರುವುದು ಒಂದಕ್ಕೆ: ಆ ಹೆಸರಿನಲ್ಲಿ ಈಗ ಏನಿದೆ? ಅದನ್ನು ಕೇಳಿ ತಿಳಿಯಬಹುದು.

ಕೇಳುವುದು ಸೋತ ಮೇಲೆ, ಸೋಲುವ ಮುಂಚೆ ಅಲ್ಲ. ಮೊದಲೇ ಪರೀಕ್ಷಿಸಿ ಆಮೇಲೆ ತೆರೆದರೆ ನಡುವೆ ಇನ್ನೊಂದು ಪ್ರಕ್ರಿಯೆ ಸಾಧನವನ್ನು ಅಳಿಸಬಹುದು, ಹುಟ್ಟಿಸಬಹುದು. ಆಗ ಪರೀಕ್ಷೆಯ ಫಲಿತಾಂಶವೇ ಸುಳ್ಳು. ಅದಲ್ಲದೆ, ಸಾಧನ ಇಲ್ಲದಿದ್ದರೆ ಹುಟ್ಟಿಸಿಕೋ ಎಂಬುದು ರೂಟ್ ಆಗಿ ಓಡುವವರು ನೆಚ್ಚಿಕೊಂಡಿರುವ ನಡವಳಿಕೆ, ಅದನ್ನು ಮುರಿಯುವಂತಿಲ್ಲ. ವರ್ಚುವಲ್ ಯಂತ್ರಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಈ ಇಕ್ಕಟ್ಟಿಗೆ ಬೇರೆ ದಾರಿ ಹಿಡಿದಿದೆ. ಅದರ ಸಂರಚನೆಯ ಟಾರ್ಗೆಟ್‌ನಲ್ಲಿ ಮ್ಯಾನೇಜ್ಡ್ ನೋ ಎಂದು ಬರೆದರೆ, ಸಾಧನ ಮೊದಲೇ ಇರಬೇಕು ಎಂದು ಬಳಕೆದಾರನೇ ಘೋಷಿಸಿದ ಹಾಗೆ. ಆಗ ಇಲ್ಲದಿದ್ದರೆ «ಮ್ಯಾನೇಜ್ಡ್ ನೋ ಎಂದಿದೆ, ಆದರೆ ಹೇಳಿದ ಸಾಧನ ಇಲ್ಲ» ಎಂದು ನೇರ ಮಾತು. ಉದ್ದೇಶ ಗೊತ್ತಿದ್ದರೆ ಸಂದೇಶ ಸುಲಭ. ಅದೇ ಲಿಬ್‌ವರ್ಟ್‌ನಲ್ಲಿ ಸಾಧನ ಇದ್ದು ಕ್ಯೂ ತಾಳೆಯಾಗದಿದ್ದರೆ ಬರುವುದು «ಅನೇಬಲ್ ಟು ಕ್ರಿಯೇಟ್ ಟ್ಯಾಪ್ ಡಿವೈಸ್». ಅಲ್ಲಿ ಕ್ರಿಯೇಟ್ ಮಾಡಲು ಯಾರೂ ಕೇಳಿರಲಿಲ್ಲ.

ಸೋತ ಕವಲಿನಲ್ಲಿ ಮೊದಲ ಕೆಲಸ ಎರ್‌ನೋವನ್ನು ಒಂದು ಚರದಲ್ಲಿ ಎತ್ತಿಡುವುದು. ಮುಂದಿನ ಯಾವ ಕರೆಯೂ, ಕ್ಲೋಸ್ ಕೂಡ, ಅದನ್ನು ಕೆಡಿಸಬಹುದು. ಇದನ್ನು ಮರೆತರೆ ಸರಿಪಡಿಸಲು ಹೋದ ಪ್ಯಾಚೇ ಹೊಸ ಸುಳ್ಳು ಹೇಳುತ್ತದೆ. ಆಮೇಲೆ ನೆಟ್‌ಲಿಂಕ್‌ನಲ್ಲಿ ಆ ಹೆಸರಿನ ಲಿಂಕ್ ಮಾಹಿತಿ ಕೇಳುವುದು. ಇದಕ್ಕೆ ಯಾವ ಅಧಿಕಾರವೂ ಬೇಡ. ಉತ್ತರದಲ್ಲಿ ಸಾಧನದ ಜಾತಿ, ಒಡೆಯ, ಗುಂಪು, ಬಹುಕ್ಯೂ ಗುರುತು ಎಲ್ಲ ಇರುತ್ತದೆ. ಟನ್_ಫ್ಲ್ಯಾಗ್ಸ್ ಕಡತ ಓದುವುದು ಇನ್ನೂ ಸುಲಭ, ಬರೆಯಲು ಹತ್ತು ಸಾಲು ಸಾಕು. ಆದರೆ ಸಿಸ್‌ಎಫ್‌ಎಸ್, ಅಂದರೆ /ಸಿಸ್ ಕಡತವ್ಯವಸ್ಥೆ, ತೋರಿಸುವುದು ಅದನ್ನು ಮೌಂಟ್ ಮಾಡಿದಾಗಿನ ನೆಟ್‌ವರ್ಕ್ ನೇಮ್‌ಸ್ಪೇಸ್ ಅನ್ನು, ಈಗಿನದನ್ನಲ್ಲ. ಕಂಟೇನರ್ ಒಳಗೆ ಹೋಸ್ಟ್‌ನ ಸಿಸ್ ಮೌಂಟ್ ಆಗಿದ್ದರೆ ಕ್ಯೂಎಮು ಒಂದು ಟ್ಯಾಪ್0 ತೆರೆಯಲು ಹೋಗಿ ಸೋತು, ಬೇರೊಂದು ಟ್ಯಾಪ್0ದ ವಿವರ ಓದಿ ಬಳಕೆದಾರನಿಗೆ ಹೇಳುತ್ತದೆ. ಮನುಷ್ಯ ಕೈಯಲ್ಲಿ ಕ್ಯಾಟ್ ಮಾಡುವಾಗ ಇದು ನೆನಪಿದ್ದರೆ ಸಾಕು, ಪ್ರೋಗ್ರಾಂಗೆ ಮಾತ್ರ ನೆಟ್‌ಲಿಂಕೇ ಸರಿ.

ಈಗ ವಾಕ್ಯ. ಎರ್‌ನೋ 1, ಸಾಧನ ಇಲ್ಲ: «ಟ್ಯಾಪ್-ವೆಬ್01 ಎಂಬ ಇಂಟರ್‌ಫೇಸ್ ಇಲ್ಲ, ಹೊಸದಾಗಿ ಮಾಡಲು ಕ್ಯಾಪ್-ನೆಟ್-ಅಡ್ಮಿನ್ ಬೇಕು.» ಎರ್‌ನೋ 1, ಸಾಧನ ಇದೆ: «ಟ್ಯಾಪ್0ದ ಒಡೆಯ ಐಡಿ 0, ಈ ಪ್ರಕ್ರಿಯೆ ಓಡುತ್ತಿರುವುದು ಐಡಿ 1000ರಲ್ಲಿ.» ಎರ್‌ನೋ 22, ಜಾತಿ ಬೇರೆ: «ಬಿಆರ್0 ಟ್ಯಾಪ್ ಅಲ್ಲ, ಬ್ರಿಡ್ಜ್.» ಎರ್‌ನೋ 22, ಕ್ಯೂ ಬೇರೆ: «ಟ್ಯಾಪ್0 ಏಕಕ್ಯೂ ಸಾಧನ, ಕೇಳಿರುವುದು 4 ಕ್ಯೂ.» ನಾಲ್ಕರಲ್ಲೂ /ಡೆವ್/ನೆಟ್/ಟನ್ ಎಂಬ ಹೆಸರೇ ಇಲ್ಲ ಎಂಬುದನ್ನು ಗಮನಿಸಿ. ಆ ಹೆಸರು ಬರಬೇಕಾದ ಜಾಗ ಒಂದೇ, ಆ ಕಡತವನ್ನೇ ತೆರೆಯಲಾಗದಿದ್ದಾಗ ಬರುವ «ಕುಡ್ ನಾಟ್ ಓಪನ್» ಸಂದೇಶ.

ಕಂಡ ಸಂಗತಿ ಎರ್‌ನೋವನ್ನು ವಿವರಿಸದಿದ್ದರೆ, ಅಂದರೆ 22 ಬಂದಿದೆ ಆದರೆ ಜಾತಿಯೂ ಕ್ಯೂವೂ ಸರಿಯಿವೆ ಎಂದಾದರೆ, ಊಹೆ ಮಾಡದೆ ಹಳೆಯ ಸಾಲನ್ನೇ ಎರ್‌ನೋ ಸಮೇತ ಕೊಡಬೇಕು. «ಬಹುಶಃ ಮಾಡ್ಯೂಲ್ ಲೋಡ್ ಆಗಿಲ್ಲವೇನೋ» ಎಂಬ ಧಾಟಿ ಸಲ್ಲದು. ಇದಕ್ಕೆ ಉದಾಹರಣೆ ಕ್ಯೂಎಮುವಿನಲ್ಲೇ ಇದೆ: /ಡೆವ್/ಕೆವಿಎಂ ತೆರೆಯಲು ಅನುಮತಿ ಇಲ್ಲದಿದ್ದಾಗ «ಕುಡ್ ನಾಟ್ ಆಕ್ಸೆಸ್ ಕೆವಿಎಂ ಕರ್ನಲ್ ಮಾಡ್ಯೂಲ್: ಪರ್ಮಿಷನ್ ಡಿನೈಡ್» ಎನ್ನುತ್ತದೆ. ಮಾಡ್ಯೂಲ್ ನೆಮ್ಮದಿಯಾಗಿ ಕೂತಿರುತ್ತದೆ. ಬೇಕಾದದ್ದು ಕೆವಿಎಂ ಗುಂಪಿನ ಸದಸ್ಯತ್ವ. ಓದಿದವರು ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಹೊಡೆಯುತ್ತಾ ಕೂರುತ್ತಾರೆ.

ಇನ್ನೊಂದು ಆಕರ್ಷಣೆಯಿಂದ ದೂರ ಇರಬೇಕು. ಕ್ಯೂಎಮುವಿನಲ್ಲಿ ಎರರ್‌ಗೆ ಸುಳಿವು ಅಂಟಿಸುವ ಕಾರ್ಯವೊಂದಿದೆ, ಎರರ್-ಅಪೆಂಡ್-ಹಿಂಟ್. ಮೂಲ ಸಾಲನ್ನು ಹಾಗೇ ಬಿಟ್ಟು, ಕ್ಯೂ ಸಂಖ್ಯೆ ನೋಡಿ, ಹೆಸರು ನೋಡಿ ಎಂದು ಸುಳಿವು ಸೇರಿಸುವುದು ಅಗ್ಗದ ಪ್ಯಾಚ್. ಆದರೆ ಸುಳಿವು ಕಾಣುವುದು ಟರ್ಮಿನಲ್ ಮುಂದೆ ಕೂತ ಮನುಷ್ಯನಿಗೆ ಮಾತ್ರ. ಬೇರೆ ತಂತ್ರಾಂಶ ಕ್ಯೂಎಮುವನ್ನು ನಿಯಂತ್ರಿಸುವ ಕ್ಯೂಎಂಪಿ ಮೂಲಕ ನೆಟ್‌ಡೆವ್ ಸೇರಿಸಿದರೆ ಅದು ಉದುರಿಹೋಗುತ್ತದೆ. ಆದೇಶಸಾಲಿನ ಯಾವ ಭಾಗ ಸೋತಿತು ಎಂದು ತೋರಿಸುವ ಮುನ್ನುಡಿಯೂ ಅಲ್ಲಿರುವುದಿಲ್ಲ, ಜೆನೆರಿಕ್ ಎರರ್ ಎಂಬ ವರ್ಗ ಮತ್ತು ಆ ಒಂದು ಸಾಲು ಅಷ್ಟೇ. ನಿರ್ವಹಣಾ ತಂತ್ರಾಂಶದ ಲಾಗ್ ಓದುವವನಿಗೆ ಸಿಗುವುದೂ ಅಷ್ಟೇ. ಗೊಂದಲದ ಸಂದೇಶವನ್ನು ಬಿಡಿಸಿ ಹೇಳುವುದು ಸುಳಿವಿನ ಕೆಲಸವಲ್ಲ ಎಂದು ಕ್ಯೂಎಮುವಿನ ಎರರ್ ಹೆಡರ್ ಕಡತದ ಟಿಪ್ಪಣಿಯೇ ಹೇಳುತ್ತದೆ. ಕಾರಣ ಇರಬೇಕಾದದ್ದು ಮೂಲ ವಾಕ್ಯದಲ್ಲಿ, ಒಂದೇ ಸಾಲಿನಲ್ಲಿ, ಕೊನೆಗೆ ಪೂರ್ಣವಿರಾಮ ಇಲ್ಲದೆ.

ಅದೇ ಹಾದಿಯ ಇನ್ನೆರಡು

ಟ್ಯಾಪ್ ಸುತ್ತ ಓಡಾಡುವವರಿಗೆ ಇವೂ ಸಿಗುತ್ತವೆ. ಸ್ಕ್ರಿಪ್ಟ್ ಬೇಡ ಎನ್ನುವುದನ್ನು ಮರೆತರೆ ಕ್ಯೂಎಮು /ಇಟಿಸಿ/ಕ್ಯೂಎಮು-ಐಫಪ್ ಓಡಿಸಲು ಹೋಗಿ, «ಫೇಲ್ಡ್ ವಿತ್ ಸ್ಟೇಟಸ್ 256» ಎನ್ನುತ್ತದೆ. 256 ಎಂಬ ನಿರ್ಗಮನ ಸಂಖ್ಯೆ ಯಾವ ಪ್ರೋಗ್ರಾಂಗೂ ಸಾಧ್ಯವಿಲ್ಲ, ಮಿತಿ 255. ಅದು ವೇಟ್ ಕರೆ ಮರಳಿಸಿದ ಹಸಿ ಸಂಖ್ಯೆ. ಎಂಟು ಬಿಟ್ ಬಲಕ್ಕೆ ಸರಿಸಿದರೆ 1. ಸ್ಕ್ರಿಪ್ಟ್ ಓಡಿ 1 ಕೊಟ್ಟರೂ, ಸ್ಕ್ರಿಪ್ಟ್ ಕಡತವೇ ಇಲ್ಲದಿದ್ದರೂ ಇದೇ 256, ಏಕೆಂದರೆ ಎಕ್ಸೆಕ್ ಸೋತ ಮರಿ ಪ್ರಕ್ರಿಯೆ 1 ಎಂದೇ ಹೇಳಿ ಹೊರಡುತ್ತದೆ. ಇನ್ನೊಂದು ಕ್ಯೂಎಮುವಿನ ಬ್ರಿಡ್ಜ್ ಸಹಾಯಕ ಪ್ರೋಗ್ರಾಂನದು: ಬ್ರಿಡ್ಜ್.ಕಾನ್ಫ್ ಕಡತ ಇಲ್ಲದಿದ್ದರೆ «ಫೇಲ್ಡ್ ಟು ಪಾರ್ಸ್» ಎಂಬ ದೂರು. ವ್ಯಾಕರಣ ತಪ್ಪಿದೆಯೆಂದು ಹುಡುಕುವವನಿಗೆ ಪುಸ್ತಕವೇ ಸಿಗುವುದಿಲ್ಲ.

ಮರುಸೃಷ್ಟಿ ಮತ್ತು ಪರೀಕ್ಷೆ

ಇವನ್ನೆಲ್ಲ ರೂಟ್ ಇಲ್ಲದೆ, ಹೋಸ್ಟ್‌ನ ನೆಟ್‌ವರ್ಕ್ ಮುಟ್ಟದೆ ಮಾಡಿನೋಡಬಹುದು. ಬಳಕೆದಾರ ನೇಮ್‌ಸ್ಪೇಸ್‌ಗಳಿಗೆ ತಡೆ ಇಲ್ಲದ ಡಿಸ್ಟ್ರಿಬ್ಯೂಷನ್‌ನಲ್ಲಿ ಅನ್‌ಶೇರ್ ಆದೇಶವನ್ನು ಯೂಸರ್, ಮ್ಯಾಪ್-ರೂಟ್-ಯೂಸರ್, ನೆಟ್ ಆಯ್ಕೆಗಳೊಂದಿಗೆ ಓಡಿಸಿದರೆ ಖಾಲಿ ನೆಟ್‌ವರ್ಕ್ ಇರುವ ಶೆಲ್ ಸಿಗುತ್ತದೆ, ಅದರೊಳಗೆ ನೀವೇ ರೂಟ್. ಐಪಿ ಟನ್‌ಟ್ಯಾಪ್‌ನಿಂದ ಬಹುಕ್ಯೂ ಇಲ್ಲದೆ ಟ್ಯಾಪ್0, ಬಹುಕ್ಯೂ ಸಮೇತ ಟ್ಯಾಪ್1, ಐಪಿ ಲಿಂಕ್‌ನಿಂದ ಬಿಆರ್0 ಬ್ರಿಡ್ಜ್ ಮಾಡಿಕೊಳ್ಳಿ. ಕ್ಯೂಎಮುವಿಗೆ ಡಿಸ್ಕ್ ಬೇಡ, ಡಿಸ್‌ಪ್ಲೇ ಬೇಡ, ಯಂತ್ರದ ಬಗೆ ನನ್ ಎಂದರೂ ನೆಟ್‌ಡೆವ್ ತೆರೆಯುವ ಕೆಲಸ ನಡೆಯುತ್ತದೆ. ಟ್ಯಾಪ್0ಕ್ಕೆ ಕ್ಯೂ 4, ಟ್ಯಾಪ್1ಕ್ಕೆ ಕ್ಯೂ 1, ಬಿಆರ್0ಕ್ಕೆ ಕ್ಯೂ 1. ಮೂರಕ್ಕೂ 22, ಮೂರು ಬೇರೆ ಕಾರಣ.

ಎರ್‌ನೋ 1 ಬರಿಸಲು ಸ್ವಲ್ಪ ಉಪಾಯ ಬೇಕು, ಏಕೆಂದರೆ ಆ ಶೆಲ್‌ನಲ್ಲಿ ನಿಮಗೆ ಎಲ್ಲ ಅಧಿಕಾರವೂ ಇದೆ. ಸೆಟ್‌ಪ್ರಿವ್ ಆದೇಶದಿಂದ ಬೌಂಡಿಂಗ್ ಸೆಟ್‌ನಿಂದ (ಪಡೆಯಬಹುದಾದ ಅಧಿಕಾರಗಳ ಪಟ್ಟಿ) ನೆಟ್-ಅಡ್ಮಿನ್ ಒಂದನ್ನು ಕಳೆದು ಕ್ಯೂಎಮು ಓಡಿಸಿ. ಇಲ್ಲದ ಹೆಸರು ಕೊಟ್ಟರೆ 1. ಅದೇ ಸ್ಥಿತಿಯಲ್ಲಿ ಟ್ಯಾಪ್0ಕ್ಕೆ ಕ್ಯೂ 1 ಎಂದರೆ ಸಲೀಸಾಗಿ ಕೂಡುತ್ತದೆ, ಒಡೆಯನನ್ನು ನಮೂದಿಸಿಲ್ಲವಲ್ಲ. ಮೇಲೆ ಹೇಳಿದ ಹಿತ್ತಿಲ ಬಾಗಿಲು ಕಣ್ಣಾರೆ ಕಾಣುವುದು ಇಲ್ಲಿ.

ಉಳಿದದ್ದು 16. ಟ್ಯಾಪ್0ಕ್ಕೆ ಕೂಡಿದ ಕ್ಯೂಎಮುವನ್ನು ಹಾಗೇ ಬಿಟ್ಟು ಇನ್ನೊಂದನ್ನು ಅದಕ್ಕೇ ಕೂಡಿಸಿ, «ಡಿವೈಸ್ ಆರ್ ರಿಸೋರ್ಸ್ ಬ್ಯುಸಿ» ಬರುತ್ತದೆ. ಇದು ನಿಜ ಹೇಳುವ ಸಂದೇಶ, ಆದರೆ ಹಿಡಿದುಕೊಂಡಿರುವವರು ಯಾರೆಂದು ಹೇಳುವುದಿಲ್ಲ. ತೆರೆದ ಕಡತಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ತೋರಿಸುವುದು ಟನ್ ಕಡತ ತೆರೆದ ಎಲ್ಲರನ್ನೂ, ಯಾವ ಟ್ಯಾಪ್ ಎಂದಲ್ಲ. ಆ ಉತ್ತರ /ಪ್ರೊಕ್ ಒಳಗೆ ಪ್ರತಿ ಪ್ರಕ್ರಿಯೆಯ ಎಫ್‌ಡಿಇನ್ಫೋ ಕಡತಕೋಶದಲ್ಲಿದೆ: ಟನ್ ಕಡತದ ವಿವರದಲ್ಲಿ ಐಎಫ್‌ಎಫ್ ಎಂಬ ಸಾಲು, ಅದರ ಮುಂದೆ ಟ್ಯಾಪ್‌ನ ಹೆಸರು. ಆ ಸಾಲನ್ನು ಎಲ್ಲ ಪ್ರಕ್ರಿಯೆಗಳಲ್ಲೂ ಗ್ರೆಪ್ ಮಾಡಿದರೆ ಟ್ಯಾಪ್0 ಯಾರ ಕೈಯಲ್ಲಿದೆ ಎಂಬುದು ಪ್ರಕ್ರಿಯೆ ಸಂಖ್ಯೆಯೊಂದಿಗೆ ಹೊರಬೀಳುತ್ತದೆ.